ಕಚ್ಚುವ ಹಂಚು

ಅಟ್ಟದಿಂದ ಇಳಿಸಿದ ಹಳೆಯ ಪಡ್ಡಿನ ಹಂಚು ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ ತೊಳೆಯುವುದಲ್ಲ. ಬೆಳಕಿಗೆ ಹಿಡಿದು ಒಂದು ಗುಳಿಯೊಳಗೆ ತೋರುಬೆರಳು ಇಟ್ಟು ನಿಧಾನಕ್ಕೆ ಸುತ್ತ ಆಡಿಸಬೇಕು. ಅಂಚಿನ ಬಳಿ ಹೊಪ್ಪಳೆಯಂತೆ ದಪ್ಪಗೆ, ತರಿತರಿಯಾಗಿ ಹತ್ತಿದರೆ ಅದು ಸುಟ್ಟ ಹಿಟ್ಟು, ಸುಟ್ಟ ಎಣ್ಣೆ ಸೇರಿ ಕಟ್ಟಿದ ಕಿಟ್ಟ. ಬೆರಳಿಗೆ ಕೆಂಪು ಪುಡಿ ಮೆತ್ತಿದರೆ ಜಂಗು. ತಳದಲ್ಲಿ ಎಲ್ಲೋ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕಪ್ಪಗೆ, ನುಣ್ಣಗೆ ಜಾರಿದರೆ ಅದು ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ ಪದರ. ಒಂದೇ ಗುಳಿಯಲ್ಲಿ ಈ ಮೂರೂ ಇರುತ್ತವೆ. ಮೂರೂ ಕಪ್ಪು-ಕಂದು ಬಣ್ಣದವೇ ಆದ್ದರಿಂದ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಬೆರಳಿಗೆ ಮಾತ್ರ ಬೇರೆ ಬೇರೆ.

ಪಡ್ಡು ಎನ್ನಿ, ಗುಂಡಪಂಗಳ ಎನ್ನಿ, ಆಂಧ್ರದ ಗಡಿಗೆ ಹತ್ತಿದ ಊರುಗಳಲ್ಲಿ ಗುಂತಪೊಂಗನಾಲು ಎನ್ನಿ, ಹಂಚು ಅದೇ. 7 ಗುಳಿ, 9 ಗುಳಿ, 12 ಗುಳಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ನಾನ್‌ಸ್ಟಿಕ್ ಬಂದ ಮೇಲೆ ಬೀಡಿನ, ಅಂದರೆ ಎರಕದ ಕಬ್ಬಿಣದ, ಹಂಚುಗಳು ಅಟ್ಟ ಸೇರಿದವು, ಕೆಲವು ಗುಜರಿಗೆ ಹೋದವು. ಕಾರಣ ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಹಂಚು ಕಚ್ಚತೈತ್ರಿ." ಹಿಟ್ಟು ಅಂಟಿ ಏಳದಂತೆ ಹಂಚು ಕಚ್ಚುವುದು ಅದರ ಗುಣವಲ್ಲ, ಅದರ ಸ್ಥಿತಿ. ಕಿಟ್ಟ ತೆಗೆಯುವುದು ಒಂದು ಕೆಲಸ, ಜಂಗು ತೆಗೆಯುವುದು ಇನ್ನೊಂದು, ಹೊಸ ಪದರ ಕಟ್ಟುವುದು ಮೂರನೆಯದು. ಕಿಟ್ಟಕ್ಕೆ ಕ್ಷಾರ, ಜಂಗಿಗೆ ಹುಳಿ, ಪದರಕ್ಕೆ ಎಣ್ಣೆ ಮತ್ತು ಬಿಸಿ. ಈ ಮೂರನ್ನೂ ಒಂದೇ ಸಲ, ಒಂದೇ ಸ್ಟೀಲ್ ಜುಂಗಿನಿಂದ, ಒಂದೇ ಭಾನುವಾರದಲ್ಲಿ ಮುಗಿಸಲು ಹೊರಟಲ್ಲೇ ಹೆಚ್ಚಿನ ಹಂಚುಗಳು ಕೆಡುವುದು.

ಬೀಡು ಎಂದರೇನು ಎಂಬುದನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ಮುಂದಿನ ಎಚ್ಚರಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಕುಲುಮೆಯಲ್ಲಿ ಕಾಸಿ ಬಡಿದದ್ದು ಕಮ್ಮಾರನ ಕಬ್ಬಿಣ. ಕರಗಿಸಿ ಮರಳಿನ ಅಚ್ಚಿಗೆ ಹೊಯ್ದದ್ದು ಬೀಡು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಶಿಲಾಗೋರಿಗಳನ್ನು ಕಟ್ಟಿದ ಕಬ್ಬಿಣ ಯುಗದ ಜನರಿಗೆ ಗೊತ್ತಿದ್ದದ್ದು ಮೊದಲನೆಯದು. ಅದಿರನ್ನು ಇದ್ದಿಲಿನೊಡನೆ ಕಾಸಿ, ಮೆತ್ತಗಾದ ಮುದ್ದೆಯನ್ನು ಬಡಿದು ಆಕಾರ ಕೊಡುತ್ತಿದ್ದರು. ಎರಕ ಹೊಯ್ಯಲು ಕಬ್ಬಿಣ ನೀರಾಗಬೇಕು, ಅದಕ್ಕೆ 1150 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖ ಬೇಕು. ಸಂಡೂರಿನ ಬೆಟ್ಟಗಳ ಹೆಮಟೈಟ್ ಅದಿರು ಇಂದು ತೋರಣಗಲ್ಲಿನ ಊದುಕುಲುಮೆಗಳಲ್ಲಿ ಕರಗಿ ಹರಿಯುತ್ತದೆ. ಕೊಪ್ಪಳದ ಬೇವಿನಹಳ್ಳಿಯಲ್ಲಿ ಪಿಗ್ ಐರನ್ ತಯಾರಾಗುತ್ತದೆ, ಅದನ್ನು ಮತ್ತೆ ಕರಗಿಸಿ ಹೊಯ್ದರೆ ಬೀಡು. ಅದರಲ್ಲಿ ಶೇ. 2ರಿಂದ 4ರಷ್ಟು ಇಂಗಾಲ ಇರುತ್ತದೆ, ಜೊತೆಗೆ ಸಿಲಿಕಾನ್. ಆ ಇಂಗಾಲದ ಬಹುಪಾಲು ಗ್ರಾಫೈಟ್ ಚಕ್ಕೆಗಳಾಗಿ ಲೋಹದ ನಡುವೆ ಹರಡಿಕೊಂಡಿರುತ್ತದೆ. ಆ ಚಕ್ಕೆಗಳ ಅಂಚಿನಲ್ಲೇ ಬಿರುಕು ಹುಟ್ಟುವುದು. ಆದ್ದರಿಂದ ಬೀಡು ಭಾರ ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ರೊಟ್ಟಿ ಹಂಚು ಸೊಟ್ಟಗಾದರೆ ಕಮ್ಮಾರ ಬಡಿದು ಸರಿಮಾಡಿಕೊಟ್ಟಾನು. ಬೀಡಿನ ಹಂಚಿಗೆ ಸುತ್ತಿಗೆ ಮುಟ್ಟಿಸಿದರೆ ಎರಡು ಹೋಳು.

ಕೆಲಸ ಶುರು ಮಾಡುವ ಮೊದಲು ಮೂರು ಪರೀಕ್ಷೆ. ಒಂದು, ಅಯಸ್ಕಾಂತ. ಹಳೆಯ ಪಡ್ಡಿನ ಹಂಚುಗಳಲ್ಲಿ ಅಲ್ಯೂಮಿನಿಯಂ ಎರಕದವು ಬಹಳ ಇವೆ. ಮಸಿ ಹತ್ತಿದ ಮೇಲೆ ಬೀಡಿನಂತೆಯೇ ಕಾಣುತ್ತವೆ. ಮುಂದೆ ಕಿಟ್ಟ ತೆಗೆಯಲು ಬಳಸುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ಕರಗಿಸಿ ಹೈಡ್ರೋಜನ್ ಅನಿಲ ಹೊರಡಿಸುತ್ತದೆ, ಹಂಚೂ ಹೋಯಿತು, ಅಪಾಯವೂ ಬಂತು. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಮಾತ್ರ ಮುಂದಕ್ಕೆ ಹೋಗಿ. ಎರಡು, ಸೀಸ. ಗುಜರಿಯಿಂದ ತಂದ ಹಂಚಾದರೆ ಅದು ಅಡುಗೆಮನೆಯಿಂದಲೇ ಬಂದಿದೆ ಎಂಬ ಖಾತ್ರಿ ಇಲ್ಲ. ಸೀಸ 327 ಡಿಗ್ರಿಗೆ ಕರಗುತ್ತದೆ, ಗುಳಿಗಳಿರುವ ಬೀಡಿನ ಹಂಚು ಸೀಸದ ಗುಂಡು ಹೊಯ್ಯಲು ಹೇಳಿ ಮಾಡಿಸಿದಂತಿರುತ್ತದೆ. ಗುಳಿಯ ತಳದಲ್ಲಿ ಬೂದುಬಣ್ಣದ, ಉಗುರಿನಿಂದ ಗೀರಿದರೆ ಹೊಳೆಯುವ ಮೆತ್ತನೆಯ ಲೋಹ ಕಂಡರೆ ಆ ಹಂಚನ್ನು ಅಡುಗೆಗೆ ಬಳಸಬೇಡಿ. ಎಷ್ಟು ತಿಕ್ಕಿದರೂ ಬೀಡಿನ ಸಣ್ಣ ರಂಧ್ರಗಳಿಂದ ಸೀಸ ಪೂರ್ತಿ ಹೋಯಿತೆಂದು ನಂಬುವಂತಿಲ್ಲ.

ಮೂರನೆಯದು ಬಿರುಕು. ಹಿಡಿಕೆಗೆ ಹಗ್ಗ ಕಟ್ಟಿ ತೂಗುಬಿಟ್ಟು ಚಮಚದ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಎಳೆದರೆ ಒಳ್ಳೆಯದು, ಮಡಕೆ ಒಡೆದ ಹಾಗೆ ದಪ್ ಎಂದರೆ ಅನುಮಾನ ಪಡಿ. ಕಿಟ್ಟ ದಪ್ಪಗಿದ್ದರೂ ನಾದ ಕುಗ್ಗುತ್ತದೆ, ಆದ್ದರಿಂದ ಖಚಿತ ಪರೀಕ್ಷೆಯನ್ನು ಹಂಚು ಸ್ವಚ್ಛವಾದ ಮೇಲೆ ಮಾಡಬೇಕು. ಒಣಗಿದ ಹಂಚಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಹತ್ತು ನಿಮಿಷ ಬಿಡಿ. ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆದು, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಅದರೊಳಗೆ ಅಡಗಿದ ಎಣ್ಣೆ ನಿಧಾನಕ್ಕೆ ಮೇಲೆ ಬಂದು, ಬಿಳಿ ಪುಡಿಯ ಮೇಲೆ ಕೂದಲೆಳೆಯಂತಹ ಕಪ್ಪು ಗೆರೆ ಮೂಡುತ್ತದೆ. ಪಡ್ಡಿನ ಹಂಚಿನಲ್ಲಿ ಇದನ್ನು ಹುಡುಕಬೇಕಾದ ಜಾಗ ಎರಡು ಗುಳಿಗಳ ನಡುವಿನ ಸಣ್ಣ ಏಣು, ಇಲ್ಲವೆ ಹಿಡಿಕೆ ಬಂದು ಕೂಡುವ ಮೂಲೆ. ಹೊರಗಿನ ಅಂಚಿನಲ್ಲಿ ಚಿಕ್ಕ ಬಿರುಕಿದ್ದರೆ ಎಚ್ಚರದಿಂದ ಬಳಸಬಹುದು. ಗುಳಿಯನ್ನು ಸೀಳಿದ ಬಿರುಕಿದ್ದರೆ ಬೇಡವೇ ಬೇಡ. ಎಣ್ಣೆ ಅಲ್ಲಿಂದ ಜಿನುಗಿ ಉರಿಯ ಮೇಲೆ ಬಿದ್ದು ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಪರೀಕ್ಷೆ ಮುಗಿದ ಮೇಲೆ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಲು ಮರೆಯಬೇಡಿ.

ಮಾಡಬಾರದ್ದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ರೈಂಡರ್‌ಗೆ ತಂತಿ ಚಕ್ರ ಹಾಕಿಸಿ ಗುಳಿ ಉಜ್ಜಿಸುವುದು ಈಗ ವೆಲ್ಡಿಂಗ್ ಅಂಗಡಿಗಳಲ್ಲಿ ಐದು ನಿಮಿಷದ ಕೆಲಸ. ಹಂಚು ಬೆಳ್ಳಿಯಂತೆ ಹೊಳೆದು ಬರುತ್ತದೆ, ನೋಡಿದವರು ಭೇಷ್ ಎನ್ನುತ್ತಾರೆ. ಆದರೆ ಚಕ್ರ ಸುತ್ತುವಾಗ ಗುಳಿಯ ಅಂಚು ಒಂದು ಕಡೆ ಹೆಚ್ಚು ಸವೆಯುತ್ತದೆ, ಮೇಲ್ಮೈ ಅತಿಯಾಗಿ ನುಣುಪಾಗಿ ಎಣ್ಣೆಯ ಪದರಕ್ಕೆ ಹಿಡಿತ ಸಿಗುವುದಿಲ್ಲ. ಮರಳಿನ ಅಚ್ಚಿನಿಂದ ಬಂದ ಆ ಸಣ್ಣ ಉಬ್ಬುತಗ್ಗುಗಳೇ ಪದರಕ್ಕೆ ಬೇರು. ಎರಡನೆಯ ತಪ್ಪು, ಕೆಂಡದ ರಾಶಿಯಲ್ಲಿ ಹಂಚು ಹೂತಿಡುವುದು. ಕಿಟ್ಟ ಸುಟ್ಟು ಹೋಗುತ್ತದೆ ನಿಜ. ಆದರೆ ಕೆಂಪಗೆ ಕಾದ ಬೀಡು ಸೊಟ್ಟಗಾಗುತ್ತದೆ, ತಣ್ಣಗಾದಾಗ ಮಾಸಲು ಇಟ್ಟಿಗೆ ಬಣ್ಣಕ್ಕೆ ತಿರುಗಿ ಪದರಪದರವಾಗಿ ಏಳುತ್ತದೆ, ಆಮೇಲೆ ಎಷ್ಟು ಪಳಗಿಸಿದರೂ ಎಣ್ಣೆ ನಿಲ್ಲುವುದಿಲ್ಲ. ಈ ಸುಟ್ಟ ಹಂಚಿಗೆ ಮದ್ದಿಲ್ಲ. ಮೂರನೆಯದು ಟಾಯ್ಲೆಟ್ ತೊಳೆಯುವ ಆಸಿಡ್. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಜಂಗಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ, ರಂಧ್ರಗಳಲ್ಲಿ ಉಳಿದ ಕ್ಲೋರೈಡ್ ಎರಡೇ ದಿನದಲ್ಲಿ ಮತ್ತೆ ಜಂಗು ಎಬ್ಬಿಸುತ್ತದೆ.

ಕಿಟ್ಟಕ್ಕೆ ಸರಿಯಾದ ಮದ್ದು ಕಾಸ್ಟಿಕ್ ಸೋಡಾ. ಅದು ಗಟ್ಟಿಯಾದ ಎಣ್ಣೆಯನ್ನು ಸೋಪಾಗಿ ಕರಗಿಸುತ್ತದೆ, ಬೀಡನ್ನು ಮುಟ್ಟುವುದಿಲ್ಲ. ಮುಚ್ಚಳ ಇರುವ ದಪ್ಪ ಪ್ಲಾಸ್ಟಿಕ್ ಬಕೆಟ್‌ನಲ್ಲಿ 10 ಲೀಟರ್ ತಣ್ಣೀರು ತುಂಬಿಸಿ. ಅದಕ್ಕೆ 250 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಮರದ ಕೋಲಿನಿಂದ ಕದಡಿ. ನೀರಿಗೆ ಸೋಡಾ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಚಪ್ಪಲಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಮೈಮೇಲೆ ಬಿದ್ದರೆ ಬೇರೆ ಏನನ್ನೂ ಹಚ್ಚದೆ ಹದಿನೈದು-ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ. ಹಂಚಿಗೆ ಮರದ ಹಿಡಿಕೆ ಇದ್ದರೆ ಬೋಲ್ಟ್ ಬಿಚ್ಚಿ ತೆಗೆದಿಡಿ, ಕ್ಷಾರ ಮರವನ್ನೂ ತಿನ್ನುತ್ತದೆ. ಹಂಚನ್ನು ಕಬ್ಬಿಣದ ತಂತಿಗೆ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ಬಕೆಟ್‌ಗೆ ಮುಚ್ಚಳ ಹಾಕಿ, ಮೇಲೆ ಕಲ್ಲಿಟ್ಟು, ಮಕ್ಕಳು-ದನಕರು-ನಾಯಿ ಹೋಗದ ಜಾಗದಲ್ಲಿಡಿ.

ಇಲ್ಲಿ ನಮ್ಮ ಬಿಸಿಲು ನೆರವಿಗೆ ಬರುತ್ತದೆ. ಕ್ಷಾರದ ಕೆಲಸ ಬಿಸಿಯಿದ್ದಷ್ಟೂ ಬೇಗ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಮಾಳಿಗೆಯ ಮೇಲಿಟ್ಟ ಬಕೆಟ್‌ನಲ್ಲಿ ಎರಡು ದಿನಕ್ಕೆ ಮೆತ್ತಗಾಗುವ ಕಿಟ್ಟ, ಡಿಸೆಂಬರ್‌ನಲ್ಲಿ ವಾರ ತೆಗೆದುಕೊಳ್ಳುತ್ತದೆ. ದಿನಕ್ಕೊಮ್ಮೆ ತೆಗೆದು, ಗ್ಲೌಸ್ ಹಾಕಿದ ಕೈಯಲ್ಲೇ ಬಿದಿರಿನ ಸೀಳಿನಿಂದ ಗುಳಿಯ ಸುತ್ತ ಕೆರೆಯಿರಿ. ಸುಲಭವಾಗಿ ಬಂದಷ್ಟು ಬರಲಿ, ಬಾರದ್ದನ್ನು ಮತ್ತೆ ಮುಳುಗಿಸಿ. ನೀರು ಕಾಫಿ ಬಣ್ಣಕ್ಕೆ ತಿರುಗಿದರೂ ಅದರ ಶಕ್ತಿ ಹೋಗಿರುವುದಿಲ್ಲ, ಇನ್ನೂ ಎರಡು-ಮೂರು ಹಂಚಿಗೆ ಆದೀತು. ಕೊನೆಗೆ ಚೆಲ್ಲುವಾಗ ಬಹಳಷ್ಟು ನೀರು ಬೆರೆಸಿ ಟಾಯ್ಲೆಟ್‌ಗೆ ಸುರಿಯಿರಿ. ಗಿಡದ ಬುಡಕ್ಕೆ, ಹಳ್ಳಕ್ಕೆ, ದನ ನೀರು ಕುಡಿಯುವ ಕಡೆಗೆ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಕಾಸ್ಟಿಕ್ ಬೇಡವೆನಿಸಿದರೆ ವಾಷಿಂಗ್ ಸೋಡಾ ಇದೆ. ಲೀಟರಿಗೆ 50 ಗ್ರಾಂನಂತೆ ಬೆರೆಸಿದ ನೀರಿನಲ್ಲಿ ಹಂಚನ್ನು ಸ್ಟೀಲ್ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿ, ಕೆರೆದು, ಮತ್ತೆ ಕುದಿಸಬೇಕು. ನಾಲ್ಕೈದು ಸುತ್ತು ಬೇಕಾದೀತು, ಮೂಲೆಯ ಕಿಟ್ಟ ಹಟ ಮಾಡೀತು. ತಾಳ್ಮೆ ಇದ್ದರೆ ಇದೂ ಆಗುತ್ತದೆ.

ಕಿಟ್ಟ ಹೋದ ಹಂಚು ಮೊದಲ ಸಲ ನೋಡಿದವರಿಗೆ ಗಾಬರಿ ಹುಟ್ಟಿಸುತ್ತದೆ. ಕಪ್ಪು ಹೋಗಿ ಬೂದುಬಣ್ಣ, ಅಲ್ಲಲ್ಲಿ ಕಿತ್ತಳೆ ಕಲೆ. ಆ ಕಲೆಗಳು ಹೊಸದಾಗಿ ಬಂದವಲ್ಲ, ಕಿಟ್ಟದ ಅಡಿಯಲ್ಲಿ ಅಡಗಿದ್ದ ಹಳೆಯ ಜಂಗು. ಈಗ ಹುಳಿಯ ಸರದಿ. ತೆಳುವಾದ ಜಂಗಿಗೆ ನಮ್ಮ ಅಜ್ಜಿಯರ ಗಂಜಿಯೇ ಸಾಕು. ಅನ್ನ ಬಸಿದ ಗಂಜಿಯಲ್ಲಿ ಹಂಚು ಮುಳುಗಿಸಿ ಮೂರು ದಿನ ಇಟ್ಟರೆ, ಗಂಜಿ ಹುಳಿತು ಅದರಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲ ಜಂಗನ್ನು ಸಡಿಲಿಸುತ್ತದೆ. ದಿನವೂ ಗಂಜಿ ಬದಲಿಸಿ ಒಮ್ಮೆ ಉಜ್ಜಬೇಕು. ಇದು ಅತಿ ಮೃದುವಾದ ದಾರಿ, ಹಂಚಿಗೆ ಕೇಡಾಗುವ ಭಯ ಕಡಿಮೆ. ಇನ್ನೂ ಸ್ವಲ್ಪ ಹೆಚ್ಚಿದ್ದರೆ ಹುಣಸೆಹಣ್ಣು: 100 ಗ್ರಾಂ ಹಣ್ಣನ್ನು ಒಂದೂವರೆ ಲೀಟರ್ ಬಿಸಿನೀರಿನಲ್ಲಿ ಕಿವುಚಿ ಹಂಚನ್ನು ಎರಡು-ಮೂರು ಗಂಟೆ ನೆನೆಸಿ. ದಪ್ಪ ಜಂಗಿಗೆ ಬಿಳಿ ವಿನೆಗರ್ ಮತ್ತು ನೀರು ಸಮಪಾಲು. ಇಲ್ಲಿ ಗಡಿಯಾರ ನೋಡಲೇಬೇಕು. ಅರ್ಧ ಗಂಟೆಗೊಮ್ಮೆ ತೆಗೆದು ಉಜ್ಜಿ ನೋಡಿ, ಎರಡು ಗಂಟೆ ದಾಟಿಸಬೇಡಿ. ರಾತ್ರಿಯಿಡೀ ಬಿಟ್ಟರೆ ಜಂಗು ಮುಗಿದ ಮೇಲೆ ವಿನೆಗರ್ ಬೀಡನ್ನೇ ತಿನ್ನಲು ಶುರು ಮಾಡುತ್ತದೆ, ಬೆಳಿಗ್ಗೆ ಗುಳಿಯ ಒಳಮೈ ಮರಳುಕಾಗದದಂತೆ ಒರಟಾಗಿರುತ್ತದೆ. ಸಣ್ಣ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಹಂಚು ಹೊರಗೆ ಬರಬೇಕು.

ಉಜ್ಜಲು ತೆಂಗಿನ ಸಿಪ್ಪೆಯಷ್ಟು ಒಳ್ಳೆಯ ಸಾಧನ ಅಂಗಡಿಯಲ್ಲಿ ಸಿಗುವುದಿಲ್ಲ. ಅಂಗೈಯಗಲದ ತುಂಡು ಕತ್ತರಿಸಿ, ತುದಿಯನ್ನು ಗುಳಿಯ ಆಕಾರಕ್ಕೆ ದುಂಡಗೆ ಕೆತ್ತಿ, ಜರಡಿ ಹಿಡಿದ ಬೂದಿ ಹಚ್ಚಿ ತಿರುವಿದರೆ ಒಳಮೈ ಪೂರ್ತಿ ಒಂದೇ ಸಮ ಸಿಗುತ್ತದೆ. ಬೆರಳಿನಿಂದ ಒತ್ತಿ ಸ್ಟೀಲ್ ಜುಂಗಿನಲ್ಲಿ ಉಜ್ಜಿದರೆ ತಳ ಮಾತ್ರ ಹೊಳೆದು, ಬದಿಗಳು ಹಾಗೇ ಉಳಿಯುತ್ತವೆ. ಪಡ್ಡು ಕಚ್ಚುವುದು ತಳಕ್ಕಿಂತ ಬದಿಗೇ ಹೆಚ್ಚು, ಅದರಲ್ಲೂ ಅಂಚಿನಿಂದ ಅರ್ಧ ಬೆರಳಿನಷ್ಟು ಕೆಳಗೆ. ಅಲ್ಲಿಯೇ ಎಣ್ಣೆ ನಿಲ್ಲದೆ ಜಾರಿ ಹೋಗುವುದು, ಅಲ್ಲಿಯೇ ದಬ್ಬಣ ಹೆಚ್ಚು ಕೆರೆಯುವುದು. ಯಾವ ಹಂಚನ್ನು ಸರಿಮಾಡುವಾಗಲೂ ಆ ಸುತ್ತಿನ ಮೇಲೆ ಕಣ್ಣಿಡಿ.

ಹುಳಿಯಿಂದ ತೆಗೆದ ಹಂಚನ್ನು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅದ್ದಿ ತೆಗೆದು, ಚೆನ್ನಾಗಿ ತೊಳೆದು, ತಕ್ಷಣ ಒರೆಸಿ ಸಣ್ಣ ಉರಿಯ ಮೇಲಿಡಿ. ತಕ್ಷಣ ಎಂದರೆ ತಕ್ಷಣ. ಬೆತ್ತಲೆ ಬೀಡು ಒದ್ದೆಯಿದ್ದರೆ ಹತ್ತು ನಿಮಿಷದಲ್ಲಿ ಕಿತ್ತಳೆ ಬಣ್ಣದ ತೆಳು ಜಂಗು ಏಳುತ್ತದೆ. ಎದ್ದರೆ ದುಃಖ ಪಡಬೇಕಿಲ್ಲ, ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಗುಳಿಯಲ್ಲಿ ಬಿಳಿ ಉಂಗುರ ಬಿಡುತ್ತದೆ. ಕೊನೆಯ ಸಲ ಕುಡಿಯುವ ಶುದ್ಧ ನೀರಿನಲ್ಲಿ ತೊಳೆದರೆ ಆ ಕಾಟ ಇರುವುದಿಲ್ಲ. ಕಾಸುವಾಗ ಮೊದಲ ಐದು ನಿಮಿಷ ತೀರಾ ಸಣ್ಣ ಉರಿ. ತಣ್ಣನೆಯ ಬೀಡಿಗೆ ದೊಡ್ಡ ಉರಿ ಕೊಟ್ಟರೆ, ಕಾದ ಬೀಡಿಗೆ ತಣ್ಣೀರು ಸೋಕಿಸಿದರೆ ಸೀಳುತ್ತದೆ.

ಇನ್ನು ಎಣ್ಣೆ. ಇಡೀ ಕೆಲಸದ ಮರ್ಮ ಇರುವುದು ಇಲ್ಲಿ. ಹಂಚು ಪಳಗಿಸುವುದು ಎಂದರೆ ಅದಕ್ಕೆ ಎಣ್ಣೆ ಕುಡಿಸುವುದಲ್ಲ. ತೆಳುವಾಗಿ ಸವರಿದ ಎಣ್ಣೆ ಬಿಸಿಗೆ ಮತ್ತು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ, ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾದ ಪೊರೆಯಾಗುವುದು ಪಳಗುವಿಕೆ. ಮರಕ್ಕೆ ಬಳಿದ ಅಗಸೆ ಎಣ್ಣೆ ಒಣಗಿ ವಾರ್ನಿಶ್ ಆಗುವುದೂ ಇದೇ ಬಗೆಯಿಂದ. ಯಾವ ಎಣ್ಣೆ ಎಷ್ಟು ಸುಲಭವಾಗಿ ಹೀಗೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಅಯೋಡಿನ್ ಮೌಲ್ಯ ಒಂದು ಅಳತೆ. ಅಗಸೆ ಎಣ್ಣೆಗೆ ಅದು 170ಕ್ಕೂ ಮೇಲೆ, ಕುಸುಬಿ ಎಣ್ಣೆಗೆ 140ರ ಆಸುಪಾಸು, ಸೂರ್ಯಕಾಂತಿಗೆ 120ರಿಂದ 140, ಶೇಂಗಾ ಎಣ್ಣೆಗೆ 85ರಿಂದ 105, ಕೊಬ್ಬರಿ ಎಣ್ಣೆಗೆ 10ರ ಸುಮಾರು. ಕೊಬ್ಬರಿ ಎಣ್ಣೆ ಹಚ್ಚಿದ ಹಂಚು ಏಕೆ ಎಂದೂ ಗಟ್ಟಿ ಪೊರೆ ಕಟ್ಟುವುದಿಲ್ಲ ಎಂಬುದಕ್ಕೆ ಉತ್ತರ ಈ ಅಂಕಿಯಲ್ಲೇ ಇದೆ. ಅಗಸೆ ಎಣ್ಣೆ ಬಹಳ ಬೇಗ, ಬಹಳ ಗಟ್ಟಿಯಾಗಿ ಒಣಗುತ್ತದೆ, ನೋಡಲು ಕನ್ನಡಿಯಂತಿರುತ್ತದೆ. ಆದರೆ ಆ ಪೊರೆ ಪೆಡಸು. ದಿನಕ್ಕೊಮ್ಮೆ ದಬ್ಬಣ ತಿವಿಯುವ ಪಡ್ಡಿನ ಗುಳಿಯಲ್ಲಿ ತಿಂಗಳೊಳಗೆ ಚಕ್ಕೆ ಏಳುತ್ತದೆ.

ನಮ್ಮ ಮಾತು ಕೇಳುವುದಾದರೆ ಕುಸುಬಿ ಎಣ್ಣೆ. ರಾಯಚೂರು, ಕೊಪ್ಪಳದ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಜೊತೆ ಅಕ್ಕಡಿ ಸಾಲಿನಲ್ಲಿ ಬೆಳೆಯುತ್ತಿದ್ದ ಅದೇ ಮುಳ್ಳಿನ ಕುಸುಬಿ. ಹಂಚಿಗೆ ಇದಕ್ಕಿಂತ ಒಪ್ಪುವ ಎಣ್ಣೆ ನಮ್ಮ ಭಾಗದಲ್ಲಿಲ್ಲ. ಬೇಗ ಗಟ್ಟಿಯಾಗುತ್ತದೆ, ಅಗಸೆಯಷ್ಟು ಪೆಡಸಾಗುವುದಿಲ್ಲ. ಕುಸುಬಿ ಬೆಳೆ ಕಡಿಮೆಯಾದಂತೆ ಗಾಣದ ಕುಸುಬಿ ಎಣ್ಣೆ ಸಿಗುವುದೂ ಕಷ್ಟವಾಗಿದೆ. ಅದು ಸಿಗದಿದ್ದರೆ ಸೂರ್ಯಕಾಂತಿ. ಬಳ್ಳಾರಿ ಕಡೆ ಎಲ್ಲ ಮನೆಯಲ್ಲೂ ಇರುವ ಶೇಂಗಾ ಎಣ್ಣೆ ಪದರ ಕಟ್ಟಲು ನಿಧಾನ, ಆದರೆ ಕಟ್ಟಿದ ಪದರವನ್ನು ದಿನನಿತ್ಯ ಕಾಪಾಡಲು ಅದಕ್ಕೆ ಸಾಟಿ ಇಲ್ಲ.

ಎಣ್ಣೆಯ ಪ್ರಮಾಣದಲ್ಲೇ ಎಲ್ಲರೂ ಎಡವುವುದು. 7 ಗುಳಿಯ ಹಂಚಿಗೆ ಅರ್ಧ ಟೀ ಚಮಚ ಎಣ್ಣೆ, ಒಳಗೂ ಹೊರಗೂ ಸೇರಿ. ಹಂಚನ್ನು ಕೈಗೆ ಬಿಸಿ ಹತ್ತುವಷ್ಟು ಕಾಸಿ, ಹಳೆಯ ಹತ್ತಿ ಅರಿವೆಯಿಂದ ಗುಳಿಗುಳಿಗೂ ಸವರಿ. ನಂತರ ಒಣ ಅರಿವೆ ತೆಗೆದುಕೊಂಡು, ತಪ್ಪಿ ಎಣ್ಣೆ ಚೆಲ್ಲಿದೆ ಎಂಬಂತೆ ಪೂರ್ತಿ ಒರೆಸಿ ತೆಗೆಯಿರಿ. ಏನೂ ಉಳಿದಿಲ್ಲ ಅನ್ನಿಸಬೇಕು, ಆಗ ಸರಿಯಾಗಿದೆ. ಚಪ್ಪಟೆ ಹಂಚಿಗಾದರೆ ಇಷ್ಟೇ ಸಾಕು. ಪಡ್ಡಿನ ಹಂಚಿಗೆ ಇನ್ನೊಂದು ಹೆಜ್ಜೆ ಇದೆ. ಗ್ಯಾಸ್ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಕಾದೊಡನೆ, ಬದಿಯಲ್ಲಿದ್ದ ಎಣ್ಣೆ ನೀರಿನಂತೆ ತೆಳ್ಳಗಾಗಿ ಜಾರಿ ಗುಳಿಯ ತಳದಲ್ಲಿ ಸಾಸಿವೆ ಕಾಳಿನಷ್ಟು ಹನಿಯಾಗಿ ನಿಲ್ಲುತ್ತದೆ. ಹಾಗೇ ಬಿಟ್ಟರೆ ಆ ಹನಿ ಅಂಟಂಟಾದ ಜೇನುಬಣ್ಣದ ಬೊಟ್ಟಾಗಿ ಗಟ್ಟಿಯಾಗುತ್ತದೆ, ಮೊದಲ ಪಡ್ಡು ಕಚ್ಚುವುದು ಅದಕ್ಕೇ. ಕಡ್ಡಿಯ ತುದಿಗೆ ಅರಿವೆ ಸುತ್ತಿ ಪ್ರತಿ ಗುಳಿಯ ತಳವನ್ನೂ ಒತ್ತಿ ಹೀರಿ ತೆಗೆಯಿರಿ. ಆಮೇಲೆ ಉರಿಯನ್ನು ಮಧ್ಯಮಕ್ಕೆ ಏರಿಸಿ, ಮೇಲೆ ಒಂದು ಹಳೆಯ ಕಬ್ಬಿಣದ ಬಾಣಲೆ ಬೋರಲು ಹಾಕಿ. ಮುಚ್ಚಿದ ಬಿಸಿ ಇಲ್ಲದಿದ್ದರೆ ತಳ ಕಾದು ಮೇಲಂಚು ಹಸಿಯಾಗಿಯೇ ಉಳಿಯುತ್ತದೆ. ಸಣ್ಣಗೆ ಹೊಗೆ ಏಳಬೇಕು, ಅದು ನಿಲ್ಲುವವರೆಗೆ ಕಾಯಿಸಬೇಕು. ಇದಕ್ಕೆ 20ರಿಂದ 25 ನಿಮಿಷ. ಕಿಟಕಿ ತೆರೆದಿರಲಿ. ತಾನಾಗಿಯೇ ಆರಲು ಬಿಟ್ಟು ಮತ್ತೆ ಇದೇ ಸುತ್ತು. ಮೂರು ಸುತ್ತಿಗೆ ಹಂಚು ಕಂದಾಗುತ್ತದೆ, ಐದಕ್ಕೆ ಕಪ್ಪು. ಮನೆಯಲ್ಲಿ ಓಟಿಜಿ (ವಿದ್ಯುತ್ ಓವನ್) ಇದ್ದರೆ ಕೆಲಸ ಸುಲಭ: ಹಂಚನ್ನು ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ, ಅಲ್ಲೇ ಆರಲು ಬಿಡಿ. ಬೋರಲಾಗಿರುವುದರಿಂದ ತಳದಲ್ಲಿ ಹನಿ ನಿಲ್ಲುವ ಮಾತೇ ಇಲ್ಲ.

ಆರಿದ ಮೇಲೆ ಮುಟ್ಟಿದರೆ ಅಂಟುತ್ತದೆಯೆ? ಎಣ್ಣೆ ಹೆಚ್ಚಾಯಿತು ಅಥವಾ ಬಿಸಿ ಸಾಲಲಿಲ್ಲ. ಹೊಸ ಎಣ್ಣೆ ಹಾಕದೆ ಇನ್ನೊಂದು ಗಂಟೆ ಮುಚ್ಚಿ ಕಾಸಿ, ಸಾಮಾನ್ಯವಾಗಿ ಸರಿಯಾಗುತ್ತದೆ. ಸಣ್ಣ ಸಣ್ಣ ಚುಕ್ಕೆಗಳು ಎದ್ದರೆ ಒರೆಸಿದ್ದು ಸಾಲದು. ಚಕ್ಕೆ ಎದ್ದರೆ ಅಡಿಯಲ್ಲಿ ಕಿಟ್ಟ ಉಳಿದಿದೆ, ಅದರ ಮೇಲೆ ಕಟ್ಟಿದ ಪದರ ಎಷ್ಟು ಚೆನ್ನಾಗಿದ್ದರೂ ಕಿಟ್ಟದ ಜೊತೆಯಲ್ಲೇ ಎದ್ದು ಬರುತ್ತದೆ. ಬಕೆಟ್‌ಗೆ ವಾಪಸ್ ಹೋಗಲೇಬೇಕು. ಕೆಲವರು ಉಳ್ಳಾಗಡ್ಡಿ ಹುರಿದರೆ ಹಂಚು ಪಳಗುತ್ತದೆ ಎನ್ನುತ್ತಾರೆ. ಉಳ್ಳಾಗಡ್ಡಿ ಎಣ್ಣೆಯನ್ನು ಸಮವಾಗಿ ಹರಡುತ್ತದೆ, ಹಳೆಯ ವಾಸನೆ ತೆಗೆಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಪದರ ಕಟ್ಟುವುದು ಮಾತ್ರ ಎಣ್ಣೆ ಮತ್ತು ಬಿಸಿ.

ಇದೇ ವಿಧಾನ ಇನ್ನೊಂದು ಸಾಮಾನಿಗೂ ಒಪ್ಪುತ್ತದೆ. ಹಳೆಯ ಸಾಮಾನು ಕೂಡಿಸುವವರ ಬಳಿ ವಾಫಲ್ ಎಂಬ ಚೌಕಳಿ ತಿಂಡಿಯನ್ನು ಎರಡು ಫಲಕಗಳ ನಡುವೆ ಬೇಯಿಸುವ ಅಮೆರಿಕದ ಬೀಡಿನ ವಾಫಲ್ ಐರನ್‌ಗಳು ಆಗೊಮ್ಮೆ ಈಗೊಮ್ಮೆ ಕಾಣಸಿಗುತ್ತವೆ. ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬಾತ 1869ರ ಆಗಸ್ಟ್ 24ರಂದು ಒಲೆಯ ಮೇಲೆ ತಿರುಗಿಸಬಹುದಾದ ವಾಫಲ್ ಐರನ್‌ಗೆ ಪೇಟೆಂಟ್ ಪಡೆದ. ಪೆನ್ಸಿಲ್ವೇನಿಯಾದ ಈರಿ ಊರಿನ ಗ್ರಿಸ್‌ವೋಲ್ಡ್, ಓಹಾಯೋದ ಸಿಡ್ನಿಯ ವ್ಯಾಗ್ನರ್ ಕಂಪನಿಗಳು ಇವನ್ನು ದೊಡ್ಡ ಪ್ರಮಾಣದಲ್ಲಿ ಎರಕ ಹೊಯ್ದವು. ನಮ್ಮ ಹಂಚಿಗೆ ಗುಳಿ ಇದ್ದರೆ ಅದಕ್ಕೆ ಚೌಕಳಿ ಮನೆಗಳು, ಅದೂ ಎರಡು ಫಲಕಕ್ಕೆ. ಮೇಲಿನ ಫಲಕಕ್ಕೂ ಹಿಟ್ಟು ತಾಗುವುದರಿಂದ ಎರಡಕ್ಕೂ ಒಂದೇ ಸಮ ಪದರ ಬೇಕು. ಮನೆಗಳ ಮೂಲೆಯಿಂದ ಎಣ್ಣೆ ತೆಗೆಯಲು ಅರಿವೆ ಸಾಲದು, ಒಣ ಹಲ್ಲುಜ್ಜುವ ಬ್ರಷ್ ಬೇಕು. ಫಲಕಗಳನ್ನು ಕೂಡಿಸುವ ಕೀಲು ಜಂಗು ಹಿಡಿದು ಕೂತಿದ್ದರೆ ಬಲ ಹಾಕಬೇಡಿ, ಸಣ್ಣ ಕಿವಿ ಮುರಿದರೆ ಅದನ್ನು ಮತ್ತೆ ಕೂಡಿಸುವುದು ಬಹಳ ಕಷ್ಟ. ಅಲ್ಲಿ ವಿದ್ಯುತ್ ವಿಧಾನ ಕೆಲಸಕ್ಕೆ ಬರುತ್ತದೆ: ಲೀಟರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ ಹಾಕಿದ ನೀರು, 12 ವೋಲ್ಟ್ ಬ್ಯಾಟರಿ ಚಾರ್ಜರ್, ಋಣ ತಂತಿ ಹಂಚಿಗೆ, ಧನ ತಂತಿ ಒಂದು ಹಾಳು ಕಬ್ಬಿಣದ ಪಟ್ಟಿಗೆ, ಎರಡೂ ಒಂದಕ್ಕೊಂದು ತಾಗದಂತೆ. ಆ ಪಟ್ಟಿ ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಬೇಕು, ಹತ್ತಿರ ಬೆಂಕಿ ಇರಬಾರದು, ಕೈ ಹಾಕುವ ಮೊದಲು ಸ್ವಿಚ್ ತೆಗೆಯಬೇಕು.

ಪಳಗಿದ ಹಂಚಿನ ಮೊದಲ ವಾರವೇ ಅದರ ಪರೀಕ್ಷೆ. ಸಿಹಿ ಪಡ್ಡು ಮುಂದೂಡಿ. ಬೆಲ್ಲ ಕಾದು ಪಾಕವಾಗಿ ಎಳೆಯ ಪದರವನ್ನು ಹಿಡಿದುಕೊಂಡು ಕಿತ್ತು ತರುತ್ತದೆ. ಟೊಮೆಟೊ, ಹುಣಸೆ ಬಿದ್ದ ಹಿಟ್ಟೂ ಸದ್ಯಕ್ಕೆ ಬೇಡ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸೋನಾ ಮಸೂರಿ 3 ಲೋಟ, ಉದ್ದು 1 ಲೋಟ, ಮೆಂತ್ಯ 1 ಚಮಚ, ನೆನೆದ ಅವಲಕ್ಕಿ ಒಂದು ಹಿಡಿ. ರುಬ್ಬಿ ರಾತ್ರಿ ಹುದುಗಿಸಿದ ಖಾರದ ಹಿಟ್ಟು ಸಾಕು. ಉಳ್ಳಾಗಡ್ಡಿಯನ್ನು ಹಸಿಯಾಗಿ ಹಾಕುವ ಬದಲು ಸಾಸಿವೆ, ಮೆಣಸಿನಕಾಯಿಯೊಡನೆ ಬಾಡಿಸಿ ಆರಿದ ಮೇಲೆ ಹಿಟ್ಟಿಗೆ ಬೆರೆಸಿ. ಹಸಿ ಚೂರು ಗುಳಿಯ ಬದಿಗೆ ಒತ್ತಿಕೊಂಡರೆ ಅದರ ನೀರು, ಸಕ್ಕರೆ ಎರಡೂ ಅಲ್ಲೇ ಸುಟ್ಟು ಹಿಡಿಯುತ್ತವೆ. ಫ್ರಿಡ್ಜ್‌ನಿಂದ ತೆಗೆದ ತಣ್ಣನೆಯ ಹಿಟ್ಟು ಎಂಥ ಹಂಚನ್ನೂ ಕಚ್ಚಿಸುತ್ತದೆ, ಒಂದು ಗಂಟೆ ಹೊರಗಿಡಿ. ಕೆಲಸ ಮುಗಿದ ಮೇಲೆ ಹಂಚು ಬೆಚ್ಚಗಿರುವಾಗಲೇ ಬಿಸಿನೀರು ಮತ್ತು ತೆಂಗಿನ ನಾರು. ಸೋಪು ಸ್ವಲ್ಪ ತಾಗಿದರೆ ಏನೂ ಆಗದು, ಗಟ್ಟಿಯಾದ ಪೊರೆಯನ್ನು ಸೋಪು ಕರಗಿಸುವುದಿಲ್ಲ. ಕೇಡು ಮಾಡುವುದು ನೆನೆಯಲು ಬಿಟ್ಟ ನೀರು. ಒಲೆಯ ಮೇಲೆ ಒಣಗಿಸಿ, ನಾಲ್ಕು ಹನಿ ಶೇಂಗಾ ಎಣ್ಣೆ ಒರೆಸಿಡಿ. ಮಳೆಗಾಲದಲ್ಲಿ ಮೇಲೊಂದು ಹಳೆ ಪತ್ರಿಕೆ ಹೊದಿಸಿ ಗಾಳಿಯಾಡುವಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಹಂಚಿಗೆ ಬೆವರು ಬಂದು ಜಂಗು ಹಿಡಿಯುತ್ತದೆ.

ಕೊನೆಯದಾಗಿ ಹೊಯ್ಯುವ ಕ್ರಮ. ಬೀಡು ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ, ಆದರೆ ಅಲ್ಯೂಮಿನಿಯಂನಂತೆ ಬೇಗ ಹರಡುವುದಿಲ್ಲ. ಬರ್ನರ್ ನಡುವಿಗೆ ಉರಿಯುವುದರಿಂದ ನಡುವಿನ ಗುಳಿ ಸುಡುವಷ್ಟು ಕಾದಾಗಲೂ ಸುತ್ತಲಿನವು ಬೆಚ್ಚಗಷ್ಟೇ ಇರುತ್ತವೆ. ಹಂಚನ್ನು ಎಂಟು-ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕಾಯಲು ಬಿಡಿ. ಅಂಚಿನ ಗುಳಿಗೆ ಚಿಮುಕಿಸಿದ ನೀರು ಚುಂಯ್ ಎಂದು ಎರಡು ಎಣಿಸುವಷ್ಟರಲ್ಲಿ ಆರಬೇಕು. ಗುಳಿಗೆ ಕಾಲು ಚಮಚ ಎಣ್ಣೆ ಬಿಟ್ಟು ಬದಿಗೂ ತಾಗುವಂತೆ ದಬ್ಬಣದಿಂದ ಸುತ್ತ ಆಡಿಸಿ. ಹಿಟ್ಟನ್ನು ಸುತ್ತಲಿನ ಗುಳಿಗಳಿಗೆ ಮೊದಲು, ನಡುವಿನದಕ್ಕೆ ಕೊನೆಗೆ, ಮುಕ್ಕಾಲು ಭಾಗ ಮಾತ್ರ ಹೊಯ್ದು ಮುಚ್ಚಿ. ಮೂರು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ: ಮೇಲ್ಮೈ ಒಣಗಿ, ಅಂಚು ಗುಳಿಯಿಂದ ಕೂದಲಷ್ಟು ಬಿಟ್ಟು ನಿಂತಿರಬೇಕು. ಆ ಸಂದು ಕಾಣುವ ಮೊದಲು ದಬ್ಬಣ ಹಾಕಬೇಡಿ. ಕಂಡ ಮೇಲೆ ತುದಿಯನ್ನು ಅಂಚಿಗೆ ತಾಗಿಸಿದರೆ ಸಾಕು, ಪಡ್ಡು ತಾನೇ ಮಗುಚುತ್ತದೆ.